ಹೊಡೆದ ಕೈ ವಾಪಸ್ ಬರಲಿ: ಹೆವಿ ಬ್ಯಾಗ್‌ಗೆ 9 ಸೂತ್ರಗಳು

ಮುಂಬೈ ಸುತ್ತಮುತ್ತ ಅಂಧೇರಿ, ಠಾಣೆ, ಮೀರಾ ರೋಡ್, ಯಾವ ಕಡೆಗೆ ಹೋದರೂ ಈಗ ಜಿಮ್‌ನ ಮೂಲೆಯಲ್ಲಿ ಕಪ್ಪು ಬಾಕ್ಸಿಂಗ್ ಬ್ಯಾಗೊಂದು ನೇತಾಡುತ್ತಿರುತ್ತದೆ. ಹೆಚ್ಚಿನವರು ಬರುತ್ತಾರೆ, ಶಕ್ತಿಯೆಲ್ಲ ಬಿಟ್ಟು ನಾಲ್ಕು ಗುದ್ದುತ್ತಾರೆ, ವಿಡಿಯೊ ಮಾಡಿಸಿಕೊಂಡು ಹೋಗುತ್ತಾರೆ. ನೀವು ಕಲಿಯಲು ಬಂದವರು. ಕಲಿಯುತ್ತೀರಿ. ಹೀಗೆ ಮಾಡಿ.

1. ಮೊದಲು ಕೈಗೆ ಪಟ್ಟಿ ಸುತ್ತಿ.
ಗ್ಲೌಸ್ ಇದೆಯಲ್ಲ ಅಂತ ಹ್ಯಾಂಡ್ ರ‍್ಯಾಪ್ ಬಿಡಬೇಡಿ. ನಾಲ್ಕೂವರೆ ಮೀಟರ್ ಉದ್ದದ್ದು ತನ್ನಿ. ಕುಣಿಕೆ ಹೆಬ್ಬೆರಳಿಗೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಮುಷ್ಟಿ ಕಟ್ಟಿದಾಗ ಬಿಗಿಯಾಗಬೇಕು, ಬಿಟ್ಟಾಗ ಬೆರಳು ಜೋಮು ಹಿಡಿಯಬಾರದು. ಬ್ಯಾಗಿಗೆ ತಾಗಬೇಕಾದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಕಿರುಬೆರಳಿನ ಕಡೆ ತಾಗಿದರೆ ಆ ಬದಿಯ ಅಂಗೈ ಮೂಳೆ ಮುರಿಯಬಹುದು. ಡಾಕ್ಟರುಗಳು ಅದನ್ನು ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಅಂತಲೇ ಕರೆಯುತ್ತಾರೆ. ಸೋಮವಾರ ಬೆಳಿಗ್ಗೆ ಅದೇ ಕೈಯಲ್ಲಿ ಕೀಬೋರ್ಡ್ ಕುಟ್ಟಬೇಕು, ನೆನಪಿರಲಿ. ಗ್ಲೌಸ್ 12ರಿಂದ 16 ಔನ್ಸ್‌ನದ್ದಿರಲಿ.

2. ಹೊಡೆಯುವ ಮುಂಚೆ ನಿಲ್ಲಲು ಕಲಿಯಿರಿ.
ಬಲಗೈಯವರಾದರೆ ಎಡಗಾಲು ಮುಂದೆ, ಬಲಗಾಲು ಹಿಂದೆ, ನಡುವೆ ಭುಜದಗಲ ಜಾಗ. ಹಿಂದಿನ ಹಿಮ್ಮಡಿ ನೆಲ ಬಿಟ್ಟಿರಲಿ. ಮಂಡಿ ಸ್ವಲ್ಪ ಸಡಿಲ, ಗದ್ದ ಕೆಳಗೆ, ಮೊಣಕೈ ಪಕ್ಕೆಲುಬಿಗೆ ಹತ್ತಿರ. ಎಡಚರು ಇದನ್ನೆಲ್ಲ ತಿರುಗಿಸಿಕೊಳ್ಳಿ. ಗುದ್ದಿನ ಬಲ ನೆಲದಿಂದ ಹುಟ್ಟಿ, ಸೊಂಟದಲ್ಲಿ ತಿರುಗಿ, ಕೈಗೆ ಬರುತ್ತದೆ. ಕಾಲು ತಪ್ಪಿದರೆ ಬೈಸೆಪ್ಸ್ ಎಷ್ಟಿದ್ದರೂ ಪ್ರಯೋಜನವಿಲ್ಲ.

3. ಗುದ್ದುಗಳನ್ನು ನಂಬರಿನಲ್ಲಿ ಕಲಿಯಿರಿ.
1 ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), 2 ಕ್ರಾಸ್ (ಹಿಂದಿನ ಕೈಯ ನೇರ ಗುದ್ದು), 3 ಎಡ ಹುಕ್, 4 ಬಲ ಹುಕ್ (ಎರಡೂ ಪಕ್ಕದಿಂದ), 5 ಎಡ ಅಪ್ಪರ್‌ಕಟ್, 6 ಬಲ ಅಪ್ಪರ್‌ಕಟ್ (ಎರಡೂ ಕೆಳಗಿನಿಂದ ಮೇಲಕ್ಕೆ). ಕೋಚ್ ‘ಒನ್-ಟೂ-ತ್ರೀ’ ಅಂದರೆ ಕೈ ಹೊರಡಬೇಕು. ಯಾವುದು ಅಂತ ಯೋಚಿಸುವಷ್ಟು ಪುರುಸೊತ್ತು ಇಲ್ಲಿಲ್ಲ.

4. ಹೊಡೆದ ಕೈ ವಾಪಸ್ ತನ್ನಿ.
ಇದೊಂದನ್ನು ಕಲಿತರೆ ಅರ್ಧ ಬಾಕ್ಸಿಂಗ್ ಕಲಿತ ಹಾಗೆ. ಬ್ಯಾಗ್ ತಿರುಗಿ ಹೊಡೆಯುವುದಿಲ್ಲ. ಅದಕ್ಕೇ ಅದು ಸೋಮಾರಿತನ ಕಲಿಸುತ್ತದೆ: ಜ್ಯಾಬ್ ಹಾಕಿದ ಎಡಗೈ ನಿಧಾನವಾಗಿ ಸೊಂಟದ ಕಡೆಗೆ ಇಳಿಯುತ್ತದೆ, ಯಾರೂ ಕೇಳುವವರಿಲ್ಲ. ಎದುರಿಗೆ ಮನುಷ್ಯ ನಿಂತ ದಿನ ಅದೇ ಸಂದಿಯಿಂದ ಗುದ್ದು ಬರುತ್ತದೆ. ಕಾದ ಕಾವಲಿ ಮುಟ್ಟಿದ ಬೆರಳಿನ ಹಾಗೆ ಕೈ ಹಿಂದಕ್ಕೆ ಬರಲಿ, ಅದೂ ಹೋದ ದಾರಿಯಲ್ಲೇ, ನೇರ ಕೆನ್ನೆಗೆ. ಒಂದು ಕೈ ಹೋದಾಗ ಇನ್ನೊಂದು ಗದ್ದ ಬಿಟ್ಟು ಕದಲಬಾರದು. ಮೈಕ್ ಟೈಸನ್ 2018ರಲ್ಲಿ ಮುಂಬೈಗೆ ಬಂದಾಗ ಎಲ್ಲರ ಬಾಯಲ್ಲೂ ಅವರ ನಾಕೌಟ್‌ಗಳದ್ದೇ ಮಾತು. ಆದರೆ ಟೈಸನ್‌ಗೆ ಗುರು ಕಸ್ ಡಿ’ಅಮಾಟೊ ಕಲಿಸಿದ ‘ಪೀಕಬೂ’ ಶೈಲಿಯ ಬುಡವೇ ಎರಡೂ ಮುಷ್ಟಿ ಕೆನ್ನೆಗೆ ಅಂಟಿಸಿಕೊಂಡಿರುವುದು. 1986ರಲ್ಲಿ, 20ನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದವರಿಗೇ ಗಾರ್ಡ್ ಬೇಕಾಯಿತು. ನಿಮಗೂ ಬೇಕು.

5. ಮೂರೇ ಕಾಂಬಿನೇಷನ್ ಇಟ್ಟುಕೊಳ್ಳಿ.
ಯೂಟ್ಯೂಬ್‌ನ ಏಳು ಗುದ್ದಿನ ಸರ್ಕಸ್ ಸದ್ಯಕ್ಕೆ ಬೇಡ. ಮೊದಲು 1-2. ಜ್ಯಾಬ್ ದೂರ ಅಳೆಯುತ್ತದೆ, ಕ್ರಾಸ್ ಕೆಲಸ ಮುಗಿಸುತ್ತದೆ. ಕ್ರಾಸ್ ಬಿಡುವಾಗ ಬಲಗಾಲಿನ ಮುಂಪಾದ ನೆಲದ ಮೇಲೆ ತಿರುಗಲೇಬೇಕು. ಇದು ಕೂತ ಮೇಲೆ 1-1-2: ಮೊದಲ ಜ್ಯಾಬ್ ಹಗುರ, ಎರಡನೆಯದು ಒಂದು ಹೆಜ್ಜೆ ಮುಂದಿಟ್ಟು. ಆಮೇಲೆ 1-2-3. ಕ್ರಾಸ್ ವಾಪಸ್ ಬರುವಾಗ ಸೊಂಟ ಎಡಕ್ಕೆ ಸುತ್ತಿಕೊಂಡಿರುತ್ತದೆ, ಅದು ಬಿಚ್ಚಿಕೊಳ್ಳುವ ರಭಸದಲ್ಲೇ ಎಡ ಹುಕ್ ಹೊರಡಲಿ. ಮೊಣಕೈ ಸುಮಾರು 90 ಡಿಗ್ರಿ ಮಡಚಿ ಭುಜದ ಮಟ್ಟಕ್ಕೆ ಏಳಲಿ. ಹುಕ್‌ಗೆ ಕೈ ದೂರದಿಂದ ಬೀಸಿ ತರುವವರು ಮಣಿಕಟ್ಟು ಉಳುಕಿಸಿಕೊಳ್ಳುತ್ತಾರೆ. ಪ್ರತಿ ಗುದ್ದಿಗೂ ಮೂಗಿನಿಂದ ‘ಸ್’ ಅಂತ ಉಸಿರು ಬಿಡಿ.

6. ಬ್ಯಾಗನ್ನು ತಳ್ಳಬೇಡಿ.
ಬ್ಯಾಗ್ ಉಯ್ಯಾಲೆ ಆಡಿದರೆ ನೀವು ತಳ್ಳಿದ್ದೀರಿ. ಜಾಗದಲ್ಲೇ ಅದುರಿ, ಚಟ್ ಅಂತ ಸದ್ದಾದರೆ ಹೊಡೆದಿದ್ದೀರಿ. ಹಾಗೆಯೇ ಹೊಡೆಯುವ ಜಾಗವನ್ನು ಮೊದಲು ಒತ್ತಿ ನೋಡಿ. ಒಳಗೆ ತುಂಬಿದ ಚಿಂದಿ ಬಟ್ಟೆ ದಿನ ಕಳೆದಂತೆ ಇಳಿದು ತಳದಲ್ಲಿ ಕಲ್ಲಾಗುತ್ತದೆ, ಮೇಲೆ ಪೊಳ್ಳಾಗುತ್ತದೆ. ಮರಳು ತುಂಬಿದ ಬ್ಯಾಗಿನ ಹತ್ತಿರ ಹೊಸಬರು ಹೋಗಲೇಬೇಡಿ.

7. ಗಡಿಯಾರ ಇಟ್ಟುಕೊಂಡು ಹೊಡೆಯಿರಿ.
ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ 3 ನಿಮಿಷದ 3 ರೌಂಡ್, ನಡುವೆ 1 ನಿಮಿಷ ವಿರಾಮ. ನೀವು 2 ನಿಮಿಷದಿಂದ ಶುರು ಮಾಡಿ, 3ಕ್ಕೆ ಏರಿ. ಮೊದಲ ರೌಂಡ್ ಬರೀ ಜ್ಯಾಬ್, ಎರಡನೆಯದು 1-2, ಮೂರನೆಯದರಲ್ಲಿ ಎಲ್ಲ ಸೇರಿಸಿ. ಕೊನೆಯ 30 ಸೆಕೆಂಡ್‌ನಲ್ಲಿ ಗಾರ್ಡ್ ಬಿದ್ದರೆ ಆ ರೌಂಡ್ ಲೆಕ್ಕಕ್ಕಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ವಿಜೇಂದರ್ ಸಿಂಗ್ 2017ರ ಆಗಸ್ಟ್‌ನಲ್ಲಿ ನಮ್ಮ ವರ್ಲಿಯಲ್ಲೇ, ವೃತ್ತಿಪರ ಪಂದ್ಯದಲ್ಲಿ, ಚೀನಾದ ಜುಲ್ಪಿಕರ್ ಮೈಮೈತಿಯಾಲಿ ಎದುರು ಗೆದ್ದದ್ದು ನಾಕೌಟ್‌ನಿಂದಲ್ಲ, ಪೂರ್ತಿ 10 ರೌಂಡ್ ಆಡಿ, ಪಾಯಿಂಟ್ಸ್ ಮೇಲೆ. ದಮ್ಮು ಇದ್ದವರಿಗೇ ತಂತ್ರ ಕೊನೆಯವರೆಗೂ ಉಳಿಯುತ್ತದೆ.

8. ಫ್ಯಾನಿನ ಕೊಂಡಿಗೆ ಬ್ಯಾಗ್ ಕಟ್ಟಬೇಡಿ.
30–40 ಕಿಲೋ ತೂಕ ಅದುರುತ್ತಾ ಎಳೆದರೆ ಆ ಕೊಂಡಿ ತಡೆಯುವುದಿಲ್ಲ. 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಮನೆಯ ಸ್ಲ್ಯಾಬ್ ಕೊರೆದರೆ ಡಿಪಾಸಿಟ್ ಆಸೆ ಬಿಡಿ, ಸೊಸೈಟಿ ಸೆಕ್ರೆಟರಿಯ ಮಾತು ಬೇರೆ. ಜಿಮ್‌ಗೇ ಹೋಗಿ, ತಪ್ಪು ತಿದ್ದಲು ಅಲ್ಲಿ ಕೋಚ್ ಇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಗ್ಲೌಸನ್ನು ಬ್ಯಾಕ್‌ಪ್ಯಾಕ್‌ನಲ್ಲೇ ಬಿಟ್ಟರೆ ಬೂಸ್ಟು ಗ್ಯಾರಂಟಿ. ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಪಟ್ಟಿ ದಿನಾ ಒಗೆಯಿರಿ. ಲೋಕಲ್ ಟ್ರೈನಿನಲ್ಲಿ ಪಕ್ಕ ನಿಂತವರ ಮೇಲೂ ಕರುಣೆ ಇರಲಿ.

9. ‘ನನ್ನಿಂದ ಆಗುತ್ತಾ?’ ಅನ್ನುವ ಚಾಳಿ ಬಿಡಿ.
ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟ್‌ನ ಕನ್ನಡ ಶಾಲೆಗಳಲ್ಲಿ ಮೆಟ್ರಿಕ್ ಮಾಡಿದ ಹುಡುಗರ ಊರಿದು. ಅವರಿಗೆ ಸಿಕ್ಕ ಸಮಯ ನಿಮಗೂ ಸಿಗುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಎತ್ತಿಡಿ. ಮಣಿಕಟ್ಟು ನೋವಾದರೆ ಮಾತ್ರ ನಿಲ್ಲಿಸಿ. ಆಲಸ್ಯಕ್ಕೆ ರಜೆ ಇಲ್ಲ. ಈ ಶನಿವಾರ ಧೋಬಿ ತಲಾವ್‌ನ ಸ್ಪೋರ್ಟ್ಸ್ ಅಂಗಡಿಗಳ ಸಾಲಿಗೆ ಹೋಗಿ. ಗ್ಲೌಸ್‌ಗೆ ದುಡ್ಡು ಸಾಲದಿದ್ದರೆ ಹ್ಯಾಂಡ್ ರ‍್ಯಾಪ್ ಒಂದು ಜೊತೆ ತನ್ನಿ, ಸಂಬಳ ಬರುವವರೆಗೆ ಕನ್ನಡಿ ಮುಂದೆ ಗಾಳಿಗೆ 1-2 ಹಾಕಿ.