ಬಿದ್ದವರನ್ನು ಗುರುತಿಸುವ ಕೈಗಡಿಯಾರ



ಕಳೆದ ಮಳೆಗಾಲದ ಮನೆಭೇಟಿಯಲ್ಲಿ ನಾವು ಒಬ್ಬ ಅಜ್ಜಿಯನ್ನು ಕಂಡೆವು. ಸೊಂಟದ ಮೂಳೆ ಮುರಿದು ಮಲಗಿದ್ದರು. ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದವರು ಬೆಳಿಗ್ಗೆ ಹಾಲಿಗೆಂದು ನೆರೆಯವರು ಬರುವ ತನಕ ನೆಲದ ಮೇಲೆಯೇ ಇದ್ದರಂತೆ. ಬಿದ್ದರೆ ತಾನಾಗಿಯೇ ಫೋನು ಮಾಡುವ ಕೈಗಡಿಯಾರವನ್ನು ಗಲ್ಫಿನಲ್ಲಿರುವ ಮಗ ತಂದುಕೊಟ್ಟಿದ್ದ. ಅದು ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಇತ್ತು!

ಬಿದ್ದ ಏಟಿಗಿಂತಲೂ ಬಿದ್ದಲ್ಲೇ ಉಳಿಯುವುದು ಕೆಲವೊಮ್ಮೆ ಹೆಚ್ಚು ಅಪಾಯಕರ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಇದ್ದರೆ ಮೈಭಾರಕ್ಕೆ ಸ್ನಾಯುಗಳು ನಾಶವಾಗಿ, ಅವುಗಳಿಂದ ಹೊರಬಿದ್ದ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಬಹುದು. ಬೀಳುವಿಕೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಗಡಿಯಾರಕ್ಕೆ ಇದು ತಿಳಿಯುವುದು ಹೇಗೆ? ಅದರೊಳಗೆ ಸಿಲಿಕಾನಿನ ಅತಿಸಣ್ಣ ತೂಕವೊಂದು ಸ್ಪ್ರಿಂಗಿನಂಥ ಎಳೆಗಳಲ್ಲಿ ನಿಂತಿದೆ. ನಾವು ಸುಮ್ಮನಿದ್ದಾಗ ಅದು ಭೂಮಿಯ ಸೆಳೆತವನ್ನು ತೋರಿಸುತ್ತಿರುತ್ತದೆ. ಬೀಳುವ ಕ್ಷಣದಲ್ಲಿ, ಕೊಡವನ್ನು ಬಾವಿಗೆ ಬಿಟ್ಟಾಗ ಹಗ್ಗ ಸಡಿಲವಾದಂತೆ, ಆ ಅಳತೆ ಇಳಿಯುತ್ತದೆ, ನೆಲಕ್ಕೆ ತಾಗಿದೊಡನೆ ಥಟ್ಟನೆ ಏರುತ್ತದೆ, ಆಮೇಲೆ ಅಲುಗಾಟವಿಲ್ಲ. ಆಪಲ್ ಕಂಪೆನಿಯ ಗಡಿಯಾರಕ್ಕೆ 2018ರಲ್ಲಿ ಈ ವ್ಯವಸ್ಥೆ ಬಂತು. ಅದು ಮೊದಲು ಕೈಯನ್ನು ತಟ್ಟಿ, ಸದ್ದು ಮಾಡಿ ವಿಚಾರಿಸುತ್ತದೆ. ಸುಮಾರು ಒಂದು ನಿಮಿಷ ಚಲನೆಯಿಲ್ಲದಿದ್ದರೆ ತುರ್ತು ಸೇವೆಗೆ ಕರೆ ಮಾಡಿ, ಮೊದಲೇ ಗುರುತಿಸಿಟ್ಟವರಿಗೆ ಸಂದೇಶ ಕಳುಹಿಸುತ್ತದೆ.

ಸ್ಮಾರ್ಟ್‌ಫೋನಿನಲ್ಲೂ ಇಂಥದೇ ಸಾಧನವಿದೆ. ಆದರೆ ತೋಟದಲ್ಲಿ ಅಂಗಿಯನ್ನೂ ಅದರ ಜೇಬಿನಲ್ಲಿರುವ ಫೋನನ್ನೂ ಗೂಟಕ್ಕೆ ತೂಗಹಾಕಿ ಕೆಲಸಕ್ಕಿಳಿಯುವ ನಮ್ಮ ಕಾಸರಗೋಡಿನ ಕಡೆಯವರಿಗೆ ಅದರಿಂದೇನು ಪ್ರಯೋಜನ? ಗಡಿಯಾರವೂ ತಪ್ಪುತ್ತದೆ. ಕತ್ತಿ ಬೀಸಿದ್ದನ್ನೇ ಬಿದ್ದರೆಂದು ತಿಳಿದೀತು. ಗೋಡೆ ಹಿಡಿದು ಮೆಲ್ಲನೆ ಕುಸಿದವರನ್ನು ಗುರುತಿಸದೆಯೂ ಹೋದೀತು. ವಯಸ್ಸಾದವರು ಅನೇಕರು ಬೀಳುವುದು ಹಾಗೆಯೇ. ರೇಂಜ್ ಸಿಗದ ತಗ್ಗಿನ ತೋಟಗಳಲ್ಲಿ ಬಿದ್ದದ್ದು ಅದಕ್ಕೆ ತಿಳಿದರೂ ಕರೆ ಹೋಗದು.

ಆದ್ದರಿಂದ ಇಂಥ ಗಡಿಯಾರ ಮನೆಯಲ್ಲಿದ್ದರೆ ಚಾರ್ಜಿಗೆ ಇಡುವುದನ್ನು ಬೆಳಗಿನ ಗಂಜಿಯ ಹೊತ್ತಿಗೆ, ಮನೆಯಲ್ಲಿ ಜನರಿರುವಾಗ ಮಾಡಿರಿ. ರಾತ್ರಿ ಅದು ಕೈಯಲ್ಲೇ ಇರಲಿ, ಬಚ್ಚಲಿಗೂ. ಹೆಸರು ಸೇರಿಸುವಾಗ ದೂರದೇಶದ ಮಗನ ಜೊತೆಗೆ ಬೇಲಿಯಾಚೆಯ ನೆರೆಯವರ ಸಂಖ್ಯೆಯೂ ಇರಬೇಕು. ಓಡಿ ಬರುವವರು ಅವರೇ ತಾನೆ? ಅಂಗಳದ ಪಾಚಿ ತಿಕ್ಕುವ ಕೆಲಸ ಮಾತ್ರ ಯಾವ ಗಡಿಯಾರವೂ ಮಾಡದು.

ಬಿದ್ದವರನ್ನು ಕಂಡಾಗ ತೋಳು ಹಿಡಿದು ಎಬ್ಬಿಸುವ ಅವಸರ ಬೇಡ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಡಿಕೆ ಮರದಿಂದ ಬಿದ್ದವರಿಗಂತೂ ಬೆನ್ನುಹುರಿಗೆ ಪೆಟ್ಟಾಗಿರುವ ಸಂಭವವಿದೆ. ಇದ್ದಲ್ಲೇ ಹೊದಿಸಿ, ಅಲುಗಿಸದೆ, 112ಕ್ಕೆ ಕರೆ ಮಾಡಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಏಟಾಗಿದ್ದರೆ, ಅವರು ಎದ್ದು ಕುಳಿತು ಚೆನ್ನಾಗಿ ಮಾತನಾಡುತ್ತಿದ್ದರೂ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.