‘ಆನ್ ದ ಮೆಂಡ್’ ಎಂದರೆ ವಾಸಿಯಾಯಿತು ಎಂದಲ್ಲ

ಇಂಗ್ಲಿಷಿನಲ್ಲಿ ಪತ್ರ, ವರದಿ, ಸಂದೇಶ ಬರೆಯುವ ಕನ್ನಡಿಗರ ಗಮನಕ್ಕೆ.

ಮಾಡಬೇಕಾದ್ದು

ಚೇತರಿಕೆ ಈಗಷ್ಟೇ ಶುರುವಾಗಿದ್ದರೆ ‘ಆನ್ ದ ಮೆಂಡ್’ ಎನ್ನಿ. ಜ್ವರ ಇಳಿಯುತ್ತಿರಲಿ, ಮೂಳೆ ಕೂಡುತ್ತಿರಲಿ, ಮುನಿಸು ಕರಗುತ್ತಿರಲಿ, ಎಲ್ಲಕ್ಕೂ ಸಲ್ಲುತ್ತದೆ. ‘ರಿಕವರ್ಡ್’ ಎನ್ನುವುದು ಪೂರ್ತಿ ವಾಸಿಯಾದ ಮೇಲೆ ಮಾತ್ರ. ನಾವು ಎಡವುವುದು ಇಲ್ಲೇ. ನಮ್ಮ ‘ಗುಣಮುಖ’ವೂ ಮೂಲದಲ್ಲಿ ಗುಣದ ಕಡೆಗೆ ಮುಖ ಮಾಡಿದ ಸ್ಥಿತಿ. ಬಳಕೆಯಲ್ಲಿ ಅದು ಪೂರ್ತಿ ವಾಸಿ ಎಂಬ ಅರ್ಥಕ್ಕೆ ಸರಿದಿದೆ. 2020ರ ಕೊರೊನಾ ಸುದ್ದಿಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದವರೆಲ್ಲ ಗುಣಮುಖರೇ. ಅದೇ ರೂಢಿಯಲ್ಲಿ ಇಂಗ್ಲಿಷ್ ಬರೆದರೆ, ನಿನ್ನೆ ತಾನೇ ಐಸಿಯುನಿಂದ ವಾರ್ಡಿಗೆ ಬಂದ ತಾಯಿಯ ಬಗ್ಗೆ ದೂರದೇಶದ ಮಗನಿಗೆ ‘ರಿಕವರ್ಡ್’ ಎಂಬ ಸುದ್ದಿ ಹೋಗುತ್ತದೆ. ಅವನು ಟಿಕೆಟ್ ರದ್ದು ಮಾಡುತ್ತಾನೆ.

‘ಟರ್ನ್ಡ್ ದ ಕಾರ್ನರ್’ ಎಂದರೆ ಕೆಟ್ಟ ಗಳಿಗೆ ದಾಟಿತು ಎಂದು. ವೈದ್ಯರು ಹಾಗೆ ಹೇಳಿದ ಮೇಲೆಯೇ ಬರೆಯಿರಿ. ಅಪಾಯ ಉಳಿದಿದ್ದರೆ ‘ನಾಟ್ ಔಟ್ ಆಫ್ ದ ವುಡ್ಸ್ ಯೆಟ್’ ಎನ್ನಲು ಹಿಂಜರಿಯಬೇಡಿ.

ಮಾಡಬಾರದ್ದು

‘ಗ್ರೀನ್ ಶೂಟ್ಸ್’ ರೋಗಿಗೆ ಬೇಡ, ಅದು ಆರ್ಥಿಕ ಚೇತರಿಕೆಯ ಮೊದಲ ಸುಳಿವಿಗೆ ಹೇಳುವ ಮಾತು. ಅಲ್ಲೂ ಅವಸರ ಸಲ್ಲದು. 1991ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ನಾರ್ಮನ್ ಲಾಮಾಂಟ್ ಹಸಿರು ಚಿಗುರು ಕಾಣುತ್ತಿದೆ ಎಂದರು. ನಿರುದ್ಯೋಗ ಏರುತ್ತಲೇ ಹೋಯಿತು. 1992ರ ಸೆಪ್ಟೆಂಬರ್ 16ರಂದು ಪೌಂಡ್ ಕುಸಿದು, ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದಲೇ ಬ್ರಿಟನ್ ಹೊರಬಂತು. ಆ ಚಿಗುರಿನ ಮಾತು ಲಾಮಾಂಟರ ಬೆನ್ನು ಬಿಡಲಿಲ್ಲ. ಒಂದು ತಿಂಗಳ ಮಾರಾಟ ಏರಿತೆಂದು ನಿಮ್ಮ ವರದಿಯಲ್ಲಿ ಅದನ್ನು ಹಾಕಬೇಡಿ.

‘ಟರ್ನ್ ಓವರ್ ಎ ನ್ಯೂ ಲೀಫ್’ನಲ್ಲಿರುವ ಲೀಫ್ ಪುಸ್ತಕದ ಹಾಳೆ, ಮರದ ಎಲೆಯಲ್ಲ. ಕುಡಿತ ಬಿಟ್ಟು ನಡತೆ ತಿದ್ದಿಕೊಂಡವರಿಗೆ ಒಪ್ಪುತ್ತದೆ, ಕಾಯಿಲೆಯಿಂದ ಎದ್ದವರಿಗೆ ಒಪ್ಪದು.

‘ಓವರ್ ದ ಹಂಪ್’ ಬರೆಯಬೇಕಾದಲ್ಲಿ ‘ಓವರ್ ದ ಹಿಲ್’ ಬರೆಯಬೇಡಿ. ಮೊದಲನೆಯದು ಕಷ್ಟದ ಏರು ಮುಗಿಯಿತು ಎನ್ನುತ್ತದೆ. ಎರಡನೆಯದು, ವಯಸ್ಸಾಯಿತು, ಇನ್ನು ಕೈಲಾಗದು ಎನ್ನುತ್ತದೆ. ಹಾಸಿಗೆ ಹಿಡಿದ ಹಿರಿಯರ ಬಗ್ಗೆ ಈ ತಪ್ಪು ಆಗಲೇಕೂಡದು.

‘ಲುಕಿಂಗ್ ಅಪ್’ ಎಂದರೆ ಸುಧಾರಿಸುತ್ತಿದೆ ಎಂದು. ಅದನ್ನು ‘ಥಿಂಗ್ಸ್’ಗೆ, ವ್ಯಾಪಾರಕ್ಕೆ ಹೇಳಿ. ವ್ಯಕ್ತಿಗೆ ಹೇಳಬೇಡಿ.

ಯಾವುದು ಸರಿಯೆಂದು ತಿಳಿಯದಿದ್ದರೆ ‘ಎ ಲಿಟಲ್ ಬೆಟರ್ ಟುಡೇ’ ಎಂದು ಬರೆದು, ನಿನ್ನೆಗಿಂತ ಏನು ಬದಲಾಯಿತು ಎಂಬುದನ್ನೂ ಸೇರಿಸಿ: ಆಕ್ಸಿಜನ್ ತೆಗೆದಿದ್ದಾರೆ, ಎರಡು ಇಡ್ಲಿ ತಿಂದರು.