ಕಾರ್ಖಾನೆಯ ವಿಷತ್ಯಾಜ್ಯ: ಒಯ್ಯುವವನ ಜತೆ ಕರಾರು ಹೇಗಿರಬೇಕು?

(ಕಬ್ಬು ಅಭಿವೃದ್ಧಿ ಅಧಿಕಾರಿಗಳಿಂದ)



ಗಾಳಪ ಹಂಗಾಮು ಮುಗಿದು ಯಂತ್ರಗಳ ರಿಪೇರಿ ಆರಂಭವಾಯಿತೆಂದರೆ ಗಟ ಸಭೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸಾಹೇಬರ, ಸುಟ್ಟ ಎಣ್ಣಿ, ಖಾಲಿ ಡ್ರಮ್ಮು, ಹಳೀ ಬ್ಯಾಟರಿ ಎಲ್ಲಾ ಕೂಡಿಸಿ ಭಂಗಾರದಾವ ರೊಕ್ಕಾ ಕೊಟ್ಟು ಒಯ್ತೀನಿ ಅಂತಾನ. ಕಾರ್ಖಾನಿ ಯಾಕ ತಾನ ಕೈಯಿಂದ ರೊಕ್ಕಾ ಹಾಕಿ ಹೊರಗ ಕಳಸ್ತದ?" ಪ್ರಶ್ನೆ ನ್ಯಾಯವಾದದ್ದೇ. ಕಾರ್ಖಾನೆ ಸಹಕಾರಿ ತತ್ವದ್ದು. ಇಲ್ಲಿ ಖರ್ಚಾಗುವ ಪ್ರತಿ ರೂಪಾಯಿ ಕೊನೆಗೆ ನಿಮ್ಮ ಕಬ್ಬಿನ ದರದ ಲೆಕ್ಕದಲ್ಲಿಯೇ ಕೂಡ್ರುತ್ತದೆ. ತಳಿ, ಗೊಬ್ಬರ, ನೀರಿನ ವಿಷಯ ಬರೆಯುವ ಈ ಪುಟದಲ್ಲಿ ಇದೇಕೆ ಎನ್ನಬಾರದು. ಕಾರ್ಖಾನೆಯ ಸುತ್ತಲೂ ಇರುವುದು ನಿಮ್ಮದೇ ಬಾವಿ, ನಿಮ್ಮದೇ ದನಕರು.

ಯಾವುದು ವಿಷ, ಯಾವುದು ಅಲ್ಲ

ಬಗ್ಯಾಸ್, ಪ್ರೆಸ್‌ಮಡ್, ಕಾಕಂಬಿ, ಬಗ್ಯಾಸ್ ಉರಿದ ಬೂದಿ ಇವು ವಿಷತ್ಯಾಜ್ಯಗಳಲ್ಲ. ಪ್ರೆಸ್‌ಮಡ್ಡಂತೂ ನಿಮ್ಮ ಹೊಲಕ್ಕೆ ಮರಳಿ ಬರಬೇಕಾದ ವಸ್ತು. ಡಿಸ್ಟಿಲರಿಯ ಸ್ಪೆಂಟ್‌ವಾಶಿಗೆ ಬೇರೆಯೇ ಕಟ್ಟುಪಾಡುಗಳಿವೆ, ಅದನ್ನು ಇಲ್ಲಿ ಬೆರೆಸುವುದು ಬೇಡ.

ನಾವು ಹೇಳುವುದು ಮಿಲ್ಲಿನ ಗೇರ್‌ಬಾಕ್ಸು, ಟರ್ಬೈನು, ಡೀಸೆಲ್ ಜನರೇಟರುಗಳಿಂದ ಬಸಿದು ತೆಗೆದ ಎಣ್ಣೆ; ಆ ಎಣ್ಣೆ ಒರೆಸಿದ ಹತ್ತಿ ಚಿಂದಿ, ಟಾಕಿಯ ತಳದ ಜಿಡ್ಡು; ಕಾಸ್ಟಿಕ್, ಬಾಯ್ಲರಿನ ನೀರಿಗೆ ಹಾಕುವ ರಸಾಯನ ಮುಂತಾದವು ಬಂದ ಖಾಲಿ ಡ್ರಮ್ಮುಗಳು; ಸಹವಿದ್ಯುತ್ ಘಟಕದಲ್ಲಿ ನೀರು ಶುದ್ಧ ಮಾಡುವ ಹಳೆಯ ರೆಸಿನ್; ಉಗಿಕೊಳವೆಗೆ ಸುತ್ತಿದ ಹಳೆಯ ಕಲ್ನಾರು; ಬ್ಯಾಟರಿಗಳು. ಪ್ರಯೋಗಶಾಲೆಯನ್ನೂ ಮರೆಯುವಂತಿಲ್ಲ. ಕಬ್ಬಿನ ಹಾಲಿನ ಪೋಲ್ ನೋಡುವ ಮುಂಚೆ ಅದನ್ನು ತಿಳಿಗೊಳಿಸಲು ಸೀಸದ ಅಸಿಟೇಟನ್ನು ಬಳಸುವ ಪದ್ಧತಿ ಹಳೆಯದು. ಸೀಸವಿಲ್ಲದ ಪುಡಿಗಳು ಬಂದಿದ್ದರೂ ಹಳೆಯ ಪದ್ಧತಿ ಇದ್ದಲ್ಲೆಲ್ಲ ಸೋಸಿದ ಕಾಗದ, ಗಸಿ ಎಲ್ಲವೂ ಸೀಸದ ಕಸವೇ.

ಇವೆಲ್ಲ ಕೂಡಿದರೂ ತೂಕ ಬಹಳವಲ್ಲ. ಒಂದು ದಿನ ಅರೆಯುವ ಕಬ್ಬಿನ ಮುಂದೆ ವರ್ಷದ ಈ ಕಸ ಲೆಕ್ಕಕ್ಕೇ ಸಿಗದು. ಆದ್ದರಿಂದಲೇ ಇದರತ್ತ ಯಾರ ಲಕ್ಷ್ಯವೂ ಹೋಗುವುದಿಲ್ಲ.

ಸರಕಾರದ ಲಕ್ಷ್ಯ ಮಾತ್ರ ಇದೆ. 1986ರ ಪರಿಸರ ಸಂರಕ್ಷಣಾ ಕಾಯದೆಯಡಿ 1989ರಲ್ಲಿ ಮೊದಲ ನಿಯಮಗಳು ಬಂದವು. ಈಗ ಜಾರಿಯಲ್ಲಿರುವವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು. ಅವುಗಳ ಮೊದಲನೆಯ ಅನುಸೂಚಿಯಲ್ಲಿ ಬಳಸಿದ ಎಣ್ಣೆಗೆ 5.1, ಎಣ್ಣೆ ಬೆರೆತ ಕಸಕ್ಕೆ 5.2, ರಸಾಯನ ಮೆತ್ತಿದ ಖಾಲಿ ಡಬ್ಬಿ ಡ್ರಮ್ಮುಗಳಿಗೆ 33.1 ಎಂದು ಕ್ರಮಾಂಕಗಳೇ ಇವೆ. ಇಂಥ ಕಸವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಅಂದರೆ ಯಾರಿಗಾದರೂ ಕೊಡಲೇಬೇಕು. ಯಾರಿಗೆ ಎಂಬಲ್ಲಿಯೇ ಎಲ್ಲ ಅಡಗಿದೆ.

ಅಗ್ಗದ ಗುತ್ತಿಗೆಯ ಒಂದು ಕಥೆ

ಈ ಮಾತು ಮನದಟ್ಟಾಗಲು ಅಮೆರಿಕದಲ್ಲಿ ನಡೆದ ಒಂದು ಸಂಗತಿಯನ್ನು ತುಸು ವಿವರವಾಗಿ ಹೇಳಬೇಕು. ಮಿಸೌರಿ ರಾಜ್ಯದ ವೆರೋನಾ ಎಂಬಲ್ಲಿ ನೆಪ್ಯಾಕೊ ಎಂಬ ಕಂಪನಿ ಸಾಬೂನಿಗೆ ಹಾಕುವ ಹೆಕ್ಸಾಕ್ಲೋರೋಫೀನ್ ಎಂಬ ಜಂತುನಾಶಕವನ್ನು ತಯಾರಿಸುತ್ತಿತ್ತು. ಪಾತ್ರೆಯ ತಳದಲ್ಲಿ ಉಳಿಯುವ ಗಸಿಯಲ್ಲಿ ಡೈಯಾಕ್ಸಿನ್ ಎಂಬ ಘೋರ ವಿಷವಿತ್ತು. ಅದನ್ನು ಬೇರೆ ರಾಜ್ಯಕ್ಕೊಯ್ದು ಸುಡಿಸುವುದು ದುಬಾರಿಯ ಬಾಬು. 1971ರಲ್ಲಿ ಕಂಪನಿಯು ಗಸಿ ಒಯ್ಯುವ ಕೆಲಸವನ್ನು ಒಂದು ರಸಾಯನ ಸಂಸ್ಥೆಗೆ ಖೇಪಿಗೆ 3000 ಡಾಲರಿನಂತೆ ಕೊಟ್ಟಿತು. ಆ ಸಂಸ್ಥೆಗೆ ಇಂಥ ಕಸದ ಅನುಭವವೇ ಇರಲಿಲ್ಲ. ಅದು ಅದೇ ಕೆಲಸವನ್ನು ಖೇಪಿಗೆ 125 ಡಾಲರಿನಂತೆ ರಸೆಲ್ ಬ್ಲಿಸ್ ಎಂಬ ಹಳೆ ಎಣ್ಣೆಯ ವ್ಯಾಪಾರಿಗೆ ಉಪಗುತ್ತಿಗೆ ಕೊಟ್ಟು ಕೈತೊಳೆದುಕೊಂಡಿತು. 3000ಕ್ಕೆ ಆಗುವ ಕೆಲಸ 125ಕ್ಕೆ ಹೇಗಾದೀತು ಎಂದು ಯಾರೂ ಕೇಳಲಿಲ್ಲ.

ಬ್ಲಿಸ್ ಆ ಗಸಿಯನ್ನು ತನ್ನ ಹಳೆ ಎಣ್ಣೆಯಲ್ಲಿ ಬೆರೆಸಿದ. ಧೂಳು ಏಳದಂತೆ ಕಚ್ಚಾ ರಸ್ತೆಗಳಿಗೆ, ಕುದುರೆ ಲಾಯದ ಅಂಗಳಗಳಿಗೆ ಎಣ್ಣೆ ಹೊಡೆದು ಕೊಡುವುದು ಅವನ ಇನ್ನೊಂದು ಧಂದೆಯಾಗಿತ್ತು. 1971ರ ಮೇ ತಿಂಗಳಲ್ಲಿ ಹಾಗೆ ಎಣ್ಣೆ ಹೊಡೆದ ಒಂದು ಲಾಯದಲ್ಲಿ ಮೊದಲು ಹಕ್ಕಿಗಳು ಸತ್ತು ಬಿದ್ದವು; ನಂತರ ಹತ್ತಾರು ಕುದುರೆಗಳು ಸತ್ತವು; ಅಂಗಳದಲ್ಲಿ ಆಡಿದ ಮಗು ಆಸ್ಪತ್ರೆ ಸೇರಿತು. ಕಾರಣ ಡೈಯಾಕ್ಸಿನ್ ಎಂದು ಗೊತ್ತಾದದ್ದು 1974ರಲ್ಲಿ. ಅಷ್ಟರೊಳಗೆ ಟೈಮ್ಸ್ ಬೀಚ್ ಎಂಬ ಸುಮಾರು 2000 ಜನರ ಊರು 1972ರಿಂದ ತನ್ನ ಧೂಳಿನ ಬೀದಿಗಳಿಗೆಲ್ಲ ಅವನಿಂದಲೇ ಎಣ್ಣೆ ಹೊಡೆಸತೊಡಗಿತ್ತು. 1982ರ ಡಿಸೆಂಬರಿನಲ್ಲಿ ಹೊಳೆ ಬಂದು ಜನ ಊರು ಬಿಟ್ಟಿದ್ದಾಗ, ಮಣ್ಣಿನ ಪರೀಕ್ಷೆ ಮಾಡಿದ ಅಧಿಕಾರಿಗಳು ಮರಳಿ ಹೋಗಬೇಡಿರೆಂದರು. 1983ರಲ್ಲಿ ಸರಕಾರವು ಇಡೀ ಊರನ್ನೇ ಖರೀದಿಸಲು ಮುಂದಾಯಿತು, 1985ರಲ್ಲಿ ಆ ಊರಿನ ಹೆಸರೇ ದಫ್ತರದಿಂದ ಹೋಯಿತು. 1996-97ರಲ್ಲಿ ಅಲ್ಲಿಯ ಹಾಗೂ ಸುತ್ತಲಿನ ಜಾಗಗಳ ಸುಮಾರು 2,65,000 ಟನ್ ಮಣ್ಣನ್ನು ಅಗೆದು ಭಟ್ಟಿಯಲ್ಲಿ ಸುಡಬೇಕಾಯಿತು. ನೆಪ್ಯಾಕೊ 1972ರಲ್ಲೇ ಬಾಗಿಲು ಹಾಕಿತ್ತು. ಮಣ್ಣು ಸುಡುವ ಹೊಣೆ ವೆರೋನಾದ ಆ ಕಾರ್ಖಾನೆಯ ಜಾಗ ಯಾರದಿತ್ತೋ ಆ ಕಂಪನಿಯ ತಲೆಗೆ ಬಂತು.

ನಮ್ಮ ಕೇನ್ ಯಾರ್ಡಿನ ಧೂಳಿಗೂ ಸುಟ್ಟ ಎಣ್ಣೆ ಹೊಡೆಯಬಾರದೇಕೆ ಎಂಬ ಸಲಹೆ ಆಗಾಗ ಬರುತ್ತಿರುತ್ತದೆ. ನೀರು ಹೊಡೆದರೆ ಸಾಕು.

ನಮ್ಮ ದೇಶದ ಉದಾಹರಣೆ ಬೇಕೆಂದರೆ ರಾಜಸ್ಥಾನದ ಉದಯಪುರ ಹತ್ತಿರದ ಬಿಛ್ರಿ ಗ್ರಾಮವಿದೆ. ಅಲ್ಲಿ 1988ರ ಸುಮಾರಿಗೆ ರಸಾಯನ ಕಾರ್ಖಾನೆಗಳು ಹೊರಹಾಕಿದ ಗಸಿ ಮಳೆನೀರಿನೊಡನೆ ಇಂಗಿ ಬಾವಿಗಳ ನೀರು ಬಣ್ಣಗೆಟ್ಟು, ಕುಡಿಯಲಿಕ್ಕೂ ಹೊಲಕ್ಕೂ ಬಾರದಾಯಿತು. 1996ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಹೊಲಸು ಮಾಡಿದವನೇ ಖರ್ಚು ತೆರಬೇಕು ಎಂಬ ತತ್ವವನ್ನು ಈ ಪ್ರಕರಣದಲ್ಲಿಯೇ ಎತ್ತಿಹಿಡಿಯಿತು. 2011ರಲ್ಲಿ 37 ಕೋಟಿಗೂ ಮಿಕ್ಕಿದ ಮೊತ್ತವನ್ನು ಚಕ್ರಬಡ್ಡಿ ಸಹಿತ ತುಂಬಲು ಹೇಳಿತು. ಅಷ್ಟು ವರ್ಷ ಆ ಬಾವಿಗಳ ರೈತರು ಕಾದರು.

ಮುಕಾದಮನ ಕರಾರಿಗೂ ಇದಕ್ಕೂ ಇರುವ ಅಂತರ

ಗುತ್ತಿಗೆ ಎಂದರೇನು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಕಬ್ಬು ಕಡಿಯುವ ಟೋಳಿಯ ಮುಕಾದಮನಿಗೆ ಉಚಲ ಕೊಟ್ಟು ದಸರೆಯ ತನಕ ದಾರಿ ನೋಡಿದವರು ನಮ್ಮಲ್ಲಿ ಬಹಳ ಜನ. ಆದರೂ ಕಬ್ಬಿನ ಸಾಗಾಣಿಕೆಯಲ್ಲಿ ಒಂದು ಭದ್ರತೆ ಇದೆ: ಮಾಲು ಬೆಲೆಬಾಳುವಂಥದ್ದು, ಕಾಟಾದ ಮೇಲೆ ತೂಗಿದ ಮೇಲೆಯೇ ಬಾಡಿಗೆ ಸಿಗುತ್ತದೆ. ಗಾಡಿ ಕಾರ್ಖಾನೆ ಮುಟ್ಟದಿದ್ದರೆ ಅವನಿಗೇ ಲುಕ್ಸಾನು.

ಕಸದ ವ್ಯವಹಾರ ಇದಕ್ಕೆ ಪೂರಾ ತಿರುಗು. ಮಾಲಿಗೆ ಬೆಲೆ ಇಲ್ಲ. ಗೇಟು ದಾಟಿದ ಮೇಲೆ ಗಾಡಿ ಎಷ್ಟು ಹತ್ತಿರದಲ್ಲಿ ಖಾಲಿಯಾದರೆ ಅಷ್ಟು ಅವನಿಗೆ ಲಾಭ. ಹಳ್ಳದ ದಂಡೆಯಲ್ಲಿ ರಾತ್ರಿ ಸುರಿದು ಹೋದವನು ಪುಣೆಯ ತನಕ ಹೋದವನಿಗಿಂತ ಹೆಚ್ಚು ಗಳಿಸುತ್ತಾನೆ. ಆದ್ದರಿಂದ ಗೇಟಿನಲ್ಲಿ ಹಣ ಕೊಡುವ ಕರಾರು ಕರಾರೇ ಅಲ್ಲ. ಮಾಲು ಮುಟ್ಟಬೇಕಾದಲ್ಲಿ ಮುಟ್ಟಿದ ಪುರಾವೆ ಕೈಗೆ ಬಂದ ಮೇಲೆ ಬಿಲ್ಲು ಪಾಸಾಗಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಕರಾರಿನಲ್ಲಿ ಇದೊಂದು ಕಲಮು ಸಡಿಲವಾದರೆ ಉಳಿದ ಕಲಮುಗಳು ಕಾಗದದ ಅಲಂಕಾರ.

ಆ ಪುರಾವೆಯನ್ನು ನಿಯಮಗಳೇ ಏರ್ಪಡಿಸಿವೆ. 10ನೆಯ ನಮೂನೆ ಎಂಬ ಸಾಗಾಣಿಕೆ ಚೀಟಿಗೆ ಏಳು ಪ್ರತಿ, ಏಳು ಬಣ್ಣ. ಬಿಳಿಯದು ನಾವು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸುವುದು; ಹಳದಿಯದು ಸಾಗಾಣಿಕೆಯವನ ಸಹಿ ಪಡೆದು ನಮ್ಮಲ್ಲಿ ಉಳಿಯುವುದು; ಉಳಿದ ಐದು ಗಾಡಿಯ ಜತೆ ಹೋಗುತ್ತವೆ. ಮಾಲು ಪಡೆದವನು ಗುಲಾಬಿಯದನ್ನು ತಾನಿಟ್ಟುಕೊಂಡು, ಕಿತ್ತಳೆಯದನ್ನು ಗಾಡಿಯವನಿಗೆ ಕೊಟ್ಟು, ಹಸಿರನ್ನು ಮಂಡಳಿಗೆ, ನೀಲಿಯನ್ನು ನಮಗೆ ಕಳಿಸುತ್ತಾನೆ. ಬೂದು ಬಣ್ಣದ ಏಳನೆಯದು, ಮಾಲು ಬೇರೆ ರಾಜ್ಯದಿಂದ ಬಂದಿದ್ದರೆ ಆ ರಾಜ್ಯದ ಮಂಡಳಿಗೆ. ಕಾಗದದ ಮೇಲಿರಲಿ, ಕಂಪ್ಯೂಟರಿನಲ್ಲಿರಲಿ, ಅರ್ಥ ಒಂದೇ. ನಿಮಗೆ ಕಾಟಾ ಪಾವತಿ ಹೇಗೋ ಕಾರ್ಖಾನೆಗೆ ಈ ನೀಲಿ ಪ್ರತಿ ಹಾಗೆ. ನಮ್ಮ ಕಾಟಾದ ತೂಕಕ್ಕೂ ನೀಲಿ ಪ್ರತಿಯ ತೂಕಕ್ಕೂ ಹೊಂದಿಕೆ ಇಲ್ಲದಿದ್ದರೆ ಬಿಲ್ಲು ತಡೆದು ವಿಚಾರಿಸತಕ್ಕದ್ದು.

ಬೂದು ಪ್ರತಿಯ ಮಾತು ಗಡಿಯಲ್ಲಿರುವ ನಮಗೆ ಮುಖ್ಯ. ಕರ್ನಾಟಕದ ಗಡಿ ನಮ್ಮಿಂದ ಒಂದು ಗಂಟೆಯ ಹಾದಿಯೂ ಅಲ್ಲ. ಆಚೆಯ ವ್ಯಾಪಾರಿ ಹತ್ತಿರದವನೆಂದು, ನಮ್ಮ ಭಾಷೆಯವನೆಂದು ಕಸ ಕೊಡಲಾಗದು. ವಿಲೇವಾರಿಗಾಗಿ ರಾಜ್ಯ ದಾಟಬೇಕಾದರೆ ಎರಡೂ ರಾಜ್ಯಗಳ ಮಂಡಳಿಗಳ ನಾಹರಕತ್ ಪತ್ರ ಬೇಕು. ಮರುಬಳಕೆಗಾಗಿಯಾದರೆ ಎರಡೂ ಮಂಡಳಿಗಳಿಗೆ ಮುಂಚಿತವಾಗಿ ತಿಳಿಸಬೇಕು. ಸುಡುವ ಮತ್ತು ಹೂಳುವ ಸಾಮಾನ್ಯ ಕೇಂದ್ರಗಳು ಮಹಾರಾಷ್ಟ್ರದಲ್ಲಿಯೇ ಇವೆ; ತಳೋಜಾ ಹಾಗೂ ಬುಟಿಬೋರಿಗಿಂತ ಪುಣೆ ಜಿಲ್ಲೆಯ ರಾಂಜಣಗಾವ ನಮಗೆ ಹತ್ತಿರದ್ದು.

ಟೆಂಡರು ತೆರೆದಾಗ ನೋಡಬೇಕಾದದ್ದು

ಈಗ ಭಂಗಾರದವನ ಲೆಕ್ಕಕ್ಕೆ ಬರೋಣ. ಎಣ್ಣೆಗೆ ಪೇಟೆಯಲ್ಲಿ ಬೆಲೆ ಇದೆ, ಅದನ್ನು ಮಾರಿದರೆ ಹಣ ಬರುವುದು ನಿಜ. ಆದರೆ ಅದು ಅಧಿಕೃತವಾಗಿ ನೋಂದಣಿಯಾದ ಶುದ್ಧೀಕರಣ ಘಟಕಕ್ಕೆ ಅಥವಾ ಅಂಥ ಸಂಗ್ರಾಹಕನಿಗೇ ಹೋಗಬೇಕು. ಅದೂ ಸೀಸ, ಪಿಸಿಬಿ ಮೊದಲಾದವುಗಳ ಪ್ರಮಾಣ ನಿಯಮದ ಮಿತಿಯೊಳಗಿದ್ದರೆ. ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನು ಪರೀಕ್ಷೆಯಾಗುವ ತನಕ ಬೇರೆ ಡ್ರಮ್ಮಿನಲ್ಲಿಯೇ ಇಡಬೇಕು, ಏಕೆಂದರೆ ಪಿಸಿಬಿ ಬಳಕೆಗೆ 2016ರ ಆದೇಶವು 2025ರ ಡಿಸೆಂಬರ್ 31ರ ಗಡುವು ಹಾಕಿತ್ತು. ಒಂದು ಡ್ರಮ್ಮು ಕೆಟ್ಟ ಎಣ್ಣೆ ಬೆರೆತರೆ ಉಳಿದ ಒಳ್ಳೆಯ ಎಣ್ಣೆಗೂ ಬೆಲೆ ಹೋಗುತ್ತದೆ.

ಚಿಂದಿ, ಜಿಡ್ಡು, ರೆಸಿನ್, ಕಲ್ನಾರು ಇವಕ್ಕೆ ಬೆಲೆ ಇಲ್ಲ. ಇವನ್ನು ಸುಡಿಸಲು, ಹೂಳಿಸಲು ಕೇಂದ್ರಕ್ಕೆ ಹಣ ಕೊಡಬೇಕು. ಎಲ್ಲ ಕೂಡಿಸಿ ಒಟ್ಟಿಗೆ ಒಯ್ದು ಮೇಲೆ ಹಣ ಕೊಡುತ್ತೇನೆಂಬವನು ಸುಡುವ ಖರ್ಚನ್ನು ಎಲ್ಲಿಂದ ತರುತ್ತಾನೆ? ಅವನು ಸುಡಿಸುವುದಿಲ್ಲ. ಇಷ್ಟೇ ಉತ್ತರ. ಆದ್ದರಿಂದ ಪ್ರತಿ ಬಾಬಿಗೂ ಬೇರೆ ಬೇರೆ ದರ ಕೇಳಬೇಕು, ಉಕ್ತಾ ದರ ಬೇಡ. ಮಾಲು ಕೊನೆಗೆ ಎಲ್ಲಿಗೆ ಮುಟ್ಟುವುದೆಂಬುದರ ಹೆಸರು, ಆ ಕೇಂದ್ರದ ಪರವಾನಗಿ ಕ್ರಮಾಂಕ, ಅದರ ಮುದತು, ಅದರಲ್ಲಿ ನಮ್ಮ ಕಸದ ಕ್ರಮಾಂಕ ಇದೆಯೋ ಇಲ್ಲವೋ ಇವನ್ನು ಮೂಲ ಕಾಗದದೊಡನೆ ತಾಳೆ ನೋಡಬೇಕು. 5.1ಕ್ಕೆ ಪರವಾನಗಿ ಇದ್ದವನು 33.1ನ್ನು ಒಯ್ಯುವಂತಿಲ್ಲ. ಉಪಗುತ್ತಿಗೆ ಸಲ್ಲದೆಂದು ಸ್ಪಷ್ಟವಾಗಿ ಬರೆಸಬೇಕು. ಟೈಮ್ಸ್ ಬೀಚಿನಲ್ಲಿ ಊರು ಹೋದದ್ದು ಅಲ್ಲಿಯೇ. ಗಾಡಿಯ ನಂಬರು ಮುಂಚೆಯೇ ಕೊಟ್ಟಿರಬೇಕು, ಚಾಲಕನ ಕೈಯಲ್ಲಿ ಅಪಘಾತವಾದರೆ ಏನು ಮಾಡಬೇಕೆಂಬ 9ನೆಯ ನಮೂನೆಯ ಕಾರ್ಡು ಇರಬೇಕು, ಅದೂ ಅವನಿಗೆ ಓದಲು ಬರುವ ಭಾಷೆಯಲ್ಲಿ.

ಕರಾರು ಎಷ್ಟೇ ಗಟ್ಟಿಯಿದ್ದರೂ ಹೊಣೆ ನಮ್ಮ ತಲೆಯಿಂದ ಪೂರ್ತಿ ಇಳಿಯುವುದಿಲ್ಲ. 23ನೆಯ ನಿಯಮದಂತೆ ಪರಿಸರಕ್ಕೋ ಮೂರನೆಯವರಿಗೋ ಆದ ಹಾನಿಗೆ ಕಸ ಹುಟ್ಟಿಸಿದವನೂ ವಿಲೇವಾರಿ ಕೇಂದ್ರ ನಡೆಸುವವನೂ ಬಾಧ್ಯರು. 2024ರ ಏಪ್ರಿಲ್ 1ರಿಂದ ಪರಿಸರ ಕಾಯದೆಯ ಉಲ್ಲಂಘನೆಗೆ ದಂಡ 10,000ದಿಂದ 15 ಲಕ್ಷ ರೂಪಾಯಿಯವರೆಗೆ ಇದೆ. ಭಂಗಾರದವನು ಕೊಡುವ ಹಣ ಎಷ್ಟೆಂದು ಇದರ ಪಕ್ಕದಲ್ಲಿಟ್ಟು ನೋಡಿರಿ. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಎಷ್ಟು ಖೇಪು ಹೋಯಿತು, ಎಷ್ಟು ನೀಲಿ ಪ್ರತಿ ಬಂದವು ಎಂದು ಕೇಳುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ಕೇಳಿದರೆ ಸಂಚಾಲಕ ಮಂಡಳಿಗೂ ಬಲ ಬರುತ್ತದೆ.

ಸದಸ್ಯರ ಮನೆಯ ಮಟ್ಟಿಗೆ

ಓಳಖಿಯವರನ್ನು ಹಿಡಿದು ಒಂದು ಡಬ್ಬಿ ಸುಟ್ಟ ಎಣ್ಣೆ ಒಯ್ಯುವ ರೂಢಿ ಬಿಡಬೇಕು. ಉಣ್ಣಿಗೆ, ಹುಣ್ಣಿಗೆ ದನದ ಮೈಗೆ ಅದನ್ನು ಸವರುತ್ತಾರೆ. ದನ ತನ್ನ ಮೈಯನ್ನು ನೆಕ್ಕುವ ಪ್ರಾಣಿ. ಎಣ್ಣೆಯಲ್ಲಿಯ ಲೋಹದ ಅಂಶವೆಲ್ಲ ಹೊಟ್ಟೆಗೆ ಹೋಗುತ್ತದೆ. ಹಳೆಯ ಬ್ಯಾಟರಿ ಒಡೆದು ಕೊಟ್ಟಿಗೆಯ ಹತ್ತಿರ ಬಿಸಾಡುವುದು ಇನ್ನೂ ಕೆಟ್ಟದ್ದು; ಸೀಸವೇರಿ ಕುರುಡಾಗಿ ಗೋಡೆಗೆ ಹಾಯ್ದು ಸಾಯುವ ಕರುಗಳಿಗೆ ಮದ್ದು ಬಹುತೇಕ ತಡವಾಗಿಯೇ ಸಿಗುತ್ತದೆ. 2022ರ ಬ್ಯಾಟರಿ ನಿಯಮಗಳಂತೆ ಹಳೆಯದನ್ನು ಮರಳಿ ಪಡೆಯುವ ವ್ಯವಸ್ಥೆ ಇದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿರಿ.

ಇನ್ನು ನೀಲಿ ಡ್ರಮ್ಮುಗಳು. ಬರದ ಸೀಮೆಯ ನಮ್ಮ ಊರುಗಳಲ್ಲಿ ಬೇಸಿಗೆ ಟ್ಯಾಂಕರಿನ ನೀರು ತುಂಬಿಡಲು ಇದಕ್ಕಿಂತ ಅನುಕೂಲದ ಪಾತ್ರೆ ಇಲ್ಲವೆಂಬುದು ನಮಗೂ ಗೊತ್ತು. ಆದರೆ ರಸಾಯನ ಬಂದ ಡ್ರಮ್ಮು ಎಷ್ಟು ತಿಕ್ಕಿದರೂ ಪ್ಲಾಸ್ಟಿಕ್ಕಿನೊಳಗೆ ಇಳಿದದ್ದು ಹೋಗದು. ಅಂಥವು ಅಧಿಕೃತ ತೊಳೆಯುವ ಘಟಕಕ್ಕೆ ಅಥವಾ ಕೇಂದ್ರಕ್ಕೆ ಮಾತ್ರ ಹೋಗಬೇಕು, ಗೇಟಿನ ಹೊರಗೆ ಮಾರಾಟಕ್ಕಲ್ಲ. ಭಂಗಾರದಂಗಡಿಯಲ್ಲಿ ಕೊಂಡ ಡ್ರಮ್ಮು ಈಗಾಗಲೇ ನಿಮ್ಮ ಅಂಗಳದಲ್ಲಿದ್ದು, ಅದರಲ್ಲಿ ಮುಂಚೆ ಏನು ಬಂದಿತ್ತೆಂದು ತಿಳಿಯದಿದ್ದರೆ, ಕುಡಿಯುವ ನೀರಿಗೂ ದನದ ನೀರಿಗೂ ಅದನ್ನು ಬಳಸಬೇಡಿರಿ. ಮೇಲಿನ ಚೀಟಿ ಉಳಿದಿದ್ದರೆ ಕೀಳದೆ, ಅದರಲ್ಲಿ ಬರೆದದ್ದನ್ನು ಇಳಿಸಿಕೊಂಡು ಗಟ ಕಚೇರಿಗೆ ತಂದು ತೋರಿಸಿರಿ.